ಊಟ ಮುಗಿದ ಮೇಲೆ ಬೀಳುತ್ತಿದ್ದ ಮೇಲ್ ಸರ್ವರ್

ಪೀಣ್ಯದ ಒಂದು ಮಷೀನಿಂಗ್ ಕಂಪನಿಯವರು ಫೋನ್ ಮಾಡಿ, ಮೇಲ್ ಸರ್ವರ್ ಪದೇ ಪದೇ ಬೀಳ್ತಿದೆ, ಒಂದ್ಸಲ ಬಂದು ನೋಡಿ ಅಂದರು. ಬೀಳ್ತಿದೆ ಅಂದರೆ ಏನಾಗುತ್ತೆ ಅಂತ ಕೇಳಿದೆ. ಅಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಅಕೌಂಟ್ಸ್ ಮೇಡಂ, "ಔಟ್‌ಲುಕ್ ಪಾಸ್‌ವರ್ಡ್ ಕೇಳ್ತಾನೇ ಇರುತ್ತೆ, ಎಷ್ಟು ಸಲ ಹಾಕಿದ್ರೂ ಮತ್ತೆ ಅದೇ ಡಬ್ಬಿ ಬರುತ್ತೆ" ಅಂದರು. ಪರ್ಚೇಸ್‌ನವರು, "ಲಾಗಿನ್ ಎಲ್ಲ ಆಗುತ್ತೆ ಸಾರ್, ಹೊಸ ಮೇಲ್ ಮಾತ್ರ ಬರಲ್ಲ" ಅಂದರು. ಓನರ್ ಪುತ್ತೂರು ಕಡೆಯವರು. "ಎರಡು ದಿನಕ್ಕೊಮ್ಮೆ ಸತ್ತು ಬೀಳ್ತದೆ ಮಾರಾಯ್ರೆ, ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗ್ತದೆ" ಅಂತ ಅವರ ವರದಿ.

ಪಾಸ್‌ವರ್ಡ್ ಕೇಳೋದೂ ಮೇಲ್ ಬರದೆ ಇರೋದೂ ಬೇರೆ ಬೇರೆ ರೋಗ. ಎರಡಕ್ಕೂ ರೀಸ್ಟಾರ್ಟ್ ಮದ್ದಾಗುತ್ತಿದೆ ಅಂದ ಮಾತ್ರಕ್ಕೆ ಎರಡೂ ಒಂದೇ ಅಂತ ಹೇಳೋಕಾಗಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗದ ಕಂಪ್ಯೂಟರ್ ತೊಂದರೆಗಳೇ ಕಡಿಮೆ. ಹಾಗಾಗಿ ಅದರಿಂದ ಏನೂ ಗೊತ್ತಾಗುವುದಿಲ್ಲ.

ಸರ್ವರ್ ಇದ್ದದ್ದು ಅಕೌಂಟ್ಸ್ ರೂಮಿನಲ್ಲಿ, ಝೆರಾಕ್ಸ್ ಮಷೀನಿನ ಹಿಂದೆ. ಹಳೆಯ ಟವರ್, 4 ಜಿಬಿ ರ‍್ಯಾಮ್, ಒಳಗೆ ಲಿನಕ್ಸ್. ಹೊರಗಿನಿಂದ ಬಂದ ಮೇಲನ್ನು ಪೋಸ್ಟ್‌ಫಿಕ್ಸ್ ತೆಗೆದುಕೊಳ್ಳುತ್ತದೆ. ಅದನ್ನು ಅಮಾವಿಸ್ ಕೈಗೆ ಕೊಡುತ್ತದೆ. ಅಮಾವಿಸ್ ಆ ಮೇಲನ್ನು ಕ್ಲ್ಯಾಮ್‌ಎವಿಗೆ ತೋರಿಸಿ ವೈರಸ್ ಇದೆಯಾ, ಸ್ಪ್ಯಾಮ್‌ಅಸ್ಯಾಸಿನ್‌ಗೆ ತೋರಿಸಿ ಕಸವಾ ಅಂತ ಕೇಳುತ್ತದೆ. ಎರಡೂ ಸರಿ ಅಂದರೆ ಮೇಲ್ ಡಬ್ಬಿಗೆ ಬೀಳುತ್ತದೆ, ಡವ್‌ಕಾಟ್ ಅದನ್ನು ಔಟ್‌ಲುಕ್‌ಗೆ ಕೊಡುತ್ತದೆ. ಯಾರ‍್ಯಾರಿಗೆ ಮೇಲ್ ಐಡಿ ಇದೆ, ಅವರ ಪಾಸ್‌ವರ್ಡ್ ಏನು ಅನ್ನೋ ಪಟ್ಟಿ ಮರಿಯಾಡಿಬಿ ಡೇಟಾಬೇಸಿನಲ್ಲಿದೆ. ಸಣ್ಣ ಆಫೀಸುಗಳಲ್ಲಿ ತುಂಬ ಕಾಣಸಿಗುವ ಜೋಡಣೆ ಇದು.

ತಲೆಗಿಷ್ಟು ಅಂತ ತಿಂಗಳು ತಿಂಗಳು ದುಡ್ಡು ಕಟ್ಟಿ ಮೇಲನ್ನು ಕ್ಲೌಡ್‌ಗೆ ಹಾಕಿದ್ರೆ ಈ ರಗಳೆಯೇ ಇಲ್ವಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಡ್ರಾಯಿಂಗ್‌ಗಳು ನಮ್ಮ ಕಟ್ಟಡದೊಳಗೇ ಇರುತ್ತವೆ ಅಂತ ಒಬ್ಬ ಕಸ್ಟಮರ್‌ಗೆ ಬರೆದುಕೊಟ್ಟಿದ್ದಾರಂತೆ. ಆ ಡ್ರಾಯಿಂಗ್ ಬರುವುದೇ ಮೇಲ್‌ನಲ್ಲಿ ಅಲ್ವಾ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನನ್ನನ್ನು ಕರೆದದ್ದು ಅದಕ್ಕಲ್ಲ.

ಮೊದಲ ಕೆಲಸ, ಪವರ್ ಬಟನ್ ಮೇಲೆ ಟೇಪ್ ಅಂಟಿಸಿದ್ದು. ಮೇಲ್ ನಿಂತ ತಕ್ಷಣ ಯಾರು ಹತ್ತಿರ ಇರುತ್ತಾರೋ ಅವರು ಹೋಗಿ ಬಟನ್ ಒತ್ತಿ ಹಿಡಿದುಕೊಳ್ಳುವುದು ಅಲ್ಲಿ ರೂಢಿಯಾಗಿತ್ತು. ಇದರಿಂದ ಎರಡು ನಷ್ಟ. ಡೇಟಾಬೇಸ್ ಅರ್ಧ ಬರೆಯುತ್ತಿದ್ದದ್ದು ಅರ್ಧಕ್ಕೇ ನಿಲ್ಲುತ್ತದೆ. ಎರಡನೆಯದು, ಆ ಹೊತ್ತಿಗೆ ಯಾವ ಪ್ರೋಗ್ರಾಂ ಬದುಕಿತ್ತು, ಯಾವುದು ಸತ್ತಿತ್ತು ಅಂತ ನೋಡುವ ಅವಕಾಶ ಹೋಗುತ್ತದೆ. "ಬಿದ್ದರೆ ಬೀಳಲಿ, ನನಗೆ ಫೋನ್ ಮಾಡಿ, ಕಾಲು ಗಂಟೆ ಯಾರೂ ಮುಟ್ಟಬೇಡಿ" ಅಂದೆ. ಓನರ್ ಮುಖ ಸ್ವಲ್ಪ ಸಣ್ಣದಾಯಿತು, ಆದರೂ ಒಪ್ಪಿದರು.

ನಾನು ಹೋದ ದಿನ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಯಾವಾಗಲೂ ಹಾಗೇ ಬಿಡಿ. ಡಿಸ್ಕ್ ತುಂಬಿದೆಯಾ ಅಂತ ನೋಡಿದೆ, ತುಂಬಿರಲಿಲ್ಲ. ಐನೋಡ್, ಅಂದರೆ ಡಿಸ್ಕಿನಲ್ಲಿ ಒಟ್ಟು ಎಷ್ಟು ಫೈಲು ಇಡಬಹುದು ಅನ್ನುವ ಲೆಕ್ಕ, ಅದನ್ನೂ ನೋಡಿದೆ. ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದೊಂದು ಫೈಲು. ಜಾಗ ಇದ್ದರೂ ಫೈಲುಗಳ ಸಂಖ್ಯೆಯ ಮಿತಿ ಮುಗಿದು ಸರ್ವರ್ ನಿಲ್ಲುವುದುಂಟು, ಆಗ ಡಿಸ್ಕ್ ಅರ್ಧ ಖಾಲಿ ಅಂತ ತೋರಿಸುತ್ತಿದ್ದರೂ ಒಂದು ಮೇಲ್ ಕೂಡ ಒಳಗೆ ಹೋಗುವುದಿಲ್ಲ. ಇಲ್ಲಿ ಅದೂ ಇರಲಿಲ್ಲ. ಡಿಸ್ಕಿನ ಆರೋಗ್ಯ ಚೆನ್ನಾಗಿತ್ತು, ಪ್ರೊಸೆಸರ್ ಬಿಸಿಯಾಗುತ್ತಿರಲಿಲ್ಲ.

ಅಷ್ಟರಲ್ಲಿ ಆಫೀಸಿನವರ ಥಿಯರಿಗಳೂ ಕಿವಿಗೆ ಬಿದ್ದವು. ಯುಪಿಎಸ್ ಹಾಳಾಗಿದೆ ಅಂತ ಒಬ್ಬರು. ವೈರಸ್ ಅಂತ ಇನ್ನೊಬ್ಬರು. ಸಾಮಾನು ಕೊಡುವ ಏಜೆನ್ಸಿಯವರು ಆಗಲೇ ಹೊಸ ಸರ್ವರ್‌ಗೆ ಕೊಟೇಶನ್ ಕೊಟ್ಟು ಹೋಗಿದ್ದರು. ಸ್ಟೋರ್ಸ್‌ನ ಹುಡುಗ ಹೇಳಿದ್ದು ಮಾತ್ರ ಕೇಳುವಂತಿತ್ತು: "ಊಟ ಮುಗಿಸಿ ಬಂದ ಮೇಲೇ ಹೋಗೋದು ಸಾರ್. ಎಲ್ಲರೂ ಒಟ್ಟಿಗೆ ಬಂದು ಸೆಂಡ್ ರಿಸೀವ್ ಒತ್ತುತ್ತಾರಲ್ಲ, ಅದಕ್ಕೇ." ಕಾರಣ ಸರಿಯೋ ತಪ್ಪೋ ಆಮೇಲೆ ನೋಡೋಣ, ಹೊತ್ತು ಗಮನಿಸಿದ್ದಾನಲ್ಲ, ಅದೇ ದೊಡ್ಡದು. ಉಳಿದವರು ಯಾರೂ ಯಾವಾಗ ಅಂತ ಹೇಳಿರಲಿಲ್ಲ.

ಮುಂದಿನ ಸಲ ಬಿದ್ದಾಗ ನಾನು ಯಶವಂತಪುರದ ಇನ್ನೊಂದು ಆಫೀಸಿನಲ್ಲಿದ್ದೆ. ಬದುಕಿದೆಯಾ ಅಂತ ಅಲ್ಲಿಂದಲೇ ಪಿಂಗ್ ಮಾಡಿದೆ, ಉತ್ತರ ಬಂತು. ಅಂದರೆ ಯಂತ್ರ ಸತ್ತಿಲ್ಲ. ಎಸ್‌ಎಸ್‌ಎಚ್‌ನಲ್ಲಿ ದೂರದಿಂದಲೇ ಲಾಗಿನ್ ಆಗಿ ಒಳಗೆ ಹೋಗೋಕೆ ತುಂಬ ಹೊತ್ತು ಹಿಡಿಯಿತು, ಆದರೂ ಹೋಯಿತು. ಪೋಸ್ಟ್‌ಫಿಕ್ಸ್ ನಡೆಯುತ್ತಿದೆ, ಡವ್‌ಕಾಟ್ ನಡೆಯುತ್ತಿದೆ, ಮರಿಯಾಡಿಬಿ ಇಲ್ಲ.

ಪಾಸ್‌ವರ್ಡ್ ಡಬ್ಬಿಯ ಗುಟ್ಟು ಅಲ್ಲೇ ಬಿಚ್ಚಿಕೊಂಡಿತು. ಔಟ್‌ಲುಕ್ ಬಂದು ಪಾಸ್‌ವರ್ಡ್ ಕೊಡುತ್ತದೆ, ಡವ್‌ಕಾಟ್ ಅದನ್ನು ಪಟ್ಟಿಯಲ್ಲಿ ನೋಡಲು ಹೋಗುತ್ತದೆ, ಪಟ್ಟಿ ಇಟ್ಟುಕೊಂಡ ಡೇಟಾಬೇಸೇ ಇಲ್ಲ. ಸದ್ಯಕ್ಕೆ ಆಗುವುದಿಲ್ಲ ಅಂತ ಡವ್‌ಕಾಟ್ ಹೇಳಿದ್ದನ್ನು ಔಟ್‌ಲುಕ್ ಪಾಸ್‌ವರ್ಡ್ ತಪ್ಪು ಅಂತ ಅರ್ಥ ಮಾಡಿಕೊಂಡು ಮತ್ತೆ ಕೇಳುತ್ತದೆ. ಕೂತವರಿಗೆ ಗಾಬರಿ. ಹಳೆ ಪಾಸ್‌ವರ್ಡ್ ಹಾಕುತ್ತಾರೆ, ಹುಟ್ಟಿದ ದಿನ ಹಾಕುತ್ತಾರೆ, ಪಕ್ಕದವರದ್ದನ್ನೂ ಹಾಕಿ ನೋಡುತ್ತಾರೆ.

ಇದಕ್ಕೆ ಒಂದು ಬಾಲ ಬೇರೆ ಇತ್ತು. ಮರಿಯಾಡಿಬಿಯನ್ನು ಎಬ್ಬಿಸಿದ ಮೇಲೆ ಮುಕ್ಕಾಲು ಪಾಲು ಜನರ ಮೇಲ್ ಬಂತು, ಕೆಲವರದು ಬರಲಿಲ್ಲ. ಯಾಕೆ ಅಂತ ನೋಡಿದರೆ ಫೇಲ್‌ಟುಬ್ಯಾನ್. ಹತ್ತು ನಿಮಿಷದೊಳಗೆ 5 ಸಲ ತಪ್ಪು ಪಾಸ್‌ವರ್ಡ್ ಹಾಕಿದ ಐಪಿಯನ್ನು, ಅಂದರೆ ಆ ಪಿಸಿಯ ನೆಟ್‌ವರ್ಕ್ ವಿಳಾಸವನ್ನು, ಅದು ಹತ್ತು ನಿಮಿಷ ಹೊರಗಿಡುತ್ತದೆ, ಡೀಫಾಲ್ಟ್ ಲೆಕ್ಕ ಅದು. ಡೇಟಾಬೇಸ್ ಎದ್ದ ಮೇಲೂ ಗಾಬರಿಯಲ್ಲಿ ಏನೇನೋ ಟೈಪ್ ಮಾಡುತ್ತಲೇ ಇದ್ದವರ ಪಿಸಿಗಳೆಲ್ಲ ಬ್ಯಾನ್ ಆಗಿದ್ದವು. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ" ಅನ್ನುವ ದೂರು ಇಲ್ಲಿಂದ ಹುಟ್ಟಿದ್ದು. ಆಫೀಸಿನ ಒಳಗಿನ ಐಪಿಗಳನ್ನು ಬಿಡು ಅಂತ ಅದಕ್ಕೊಂದು ಸಾಲು ಬರೆದೆ. ಸದ್ಯ, ಒಂದು ಗೊಂದಲ ಕಡಿಮೆಯಾಯಿತು.

ಆದರೆ ಮರಿಯಾಡಿಬಿ ಯಾಕೆ ಸತ್ತಿತು? ಅದರ ಸ್ವಂತ ಲಾಗ್‌ನಲ್ಲಿ ಏನೂ ಇರಲಿಲ್ಲ. ದೂರಿಲ್ಲ, ಎಚ್ಚರಿಕೆಯಿಲ್ಲ, ಮಾತಿನ ನಡುವೆ ಫೋನ್ ಕಟ್ ಆದಂತೆ ಸುಮ್ನೆ ನಿಂತಿದೆ. ಒಂದು ಪ್ರೋಗ್ರಾಂ ತಾನಾಗಿ ಕೆಟ್ಟು ಬಿದ್ದರೆ ಏನಾದರೂ ನಾಲ್ಕು ಸಾಲು ಬರೆದು ಬೀಳುತ್ತದೆ. ಏನೂ ಬರೆಯದೆ ಹೋಗಿದೆ ಅಂದರೆ ಹೊರಗಿನವರು ಯಾರೋ ಕೊಂದಿದ್ದಾರೆ ಅಂತ ಅನುಮಾನ ಬರಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ತೆಗೆದೆ. ಅಲ್ಲಿ ಸಾಫ್ ಸೀದಾ ಬರೆದಿತ್ತು: ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್, ಪಕ್ಕದಲ್ಲಿ ಮರಿಯಾಡಿಬಿ ಹೆಸರು.

ಲಿನಕ್ಸ್‌ನಲ್ಲಿ ಮೆಮೊರಿ ಪೂರ್ತಿ ಮುಗಿದು ಬೇರೆ ದಾರಿಯೇ ಇಲ್ಲ ಅಂತಾದಾಗ ಕರ್ನಲ್ ಒಂದು ಪ್ರೋಗ್ರಾಂ ಆರಿಸಿ ಕೊಲ್ಲುತ್ತದೆ. ಓಓಎಂ ಕಿಲ್ಲರ್ ಅಂತಾರೆ. ಆರಿಸುವುದು ಹೆಚ್ಚುಕಡಿಮೆ ಗಾತ್ರ ನೋಡಿ, ಆ ಕ್ಷಣಕ್ಕೆ ಯಾರು ಜಾಸ್ತಿ ಮೆಮೊರಿ ಹಿಡಿದುಕೊಂಡಿದ್ದಾರೋ ಅವರ ಕತ್ತಿಗೆ. ಕೊನೆಯ ತುತ್ತು ಕೇಳಿದವರು ಯಾರು, ಅಷ್ಟು ದಿನ ಸುಮ್ಮನಿದ್ದು ಇವತ್ತು ದಿಢೀರನೆ ಬೆಳೆದವರು ಯಾರು, ಇದೆಲ್ಲ ಅದಕ್ಕೆ ಬೇಡ. ಹಾಗಾಗಿ ಸತ್ತವನನ್ನು ಹಿಡಿದುಕೊಂಡು ವಿಚಾರಣೆ ಮಾಡಿದರೆ ಕಳ್ಳ ಸಿಗುವುದಿಲ್ಲ. ಹುಡುಕಾಟದಲ್ಲಿ ದಾರಿ ತಪ್ಪುವುದು ಇಲ್ಲೇ. ಮರಿಯಾಡಿಬಿ ಪದೇ ಪದೇ ಸಾಯುತ್ತಿದೆ ಅಂತ ಅದನ್ನೇ ತೆಗೆದು ಮತ್ತೆ ಹಾಕುತ್ತಾರೆ, ಟೇಬಲ್ ರಿಪೇರಿ ಓಡಿಸುತ್ತಾರೆ, ಆವೃತ್ತಿ ಬದಲಿಸುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ, ಮತ್ತೆ ಅದೇ.

ಹಳೆಯ ಕರ್ನಲ್ ಲಾಗ್‌ಗಳು ಅದೃಷ್ಟಕ್ಕೆ ಡಿಸ್ಕಿನಲ್ಲಿ ಉಳಿದಿದ್ದವು. ಹಿಂದಕ್ಕೆ ಹೋಗಿ ನೋಡಿದೆ. ಸತ್ತವರ ಪಟ್ಟಿಯಲ್ಲಿ ಇಬ್ಬರ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಕೆಲವು ದಿನ ಕ್ಲ್ಯಾಮ್‌ಡಿ ಮಾತ್ರ. ಕೆಲವು ದಿನ ಮೊದಲು ಕ್ಲ್ಯಾಮ್‌ಡಿ, ಒಂದೆರಡು ನಿಮಿಷದಲ್ಲಿ ಮರಿಯಾಡಿಬಿ. ಕ್ಲ್ಯಾಮ್‌ಡಿ ಅಂದರೆ ಕ್ಲ್ಯಾಮ್‌ಎವಿಯ ಹಿನ್ನೆಲೆಯಲ್ಲಿ ಕೂತು ಕೆಲಸ ಮಾಡುವ ಭಾಗ. ಅದು ಸತ್ತಾಗ ಅಮಾವಿಸ್‌ಗೆ ಬೇಗ ಬೇಗ ವೈರಸ್ ನೋಡಿ ಹೇಳುವವರು ಇಲ್ಲ, ನೋಡದೆ ಬಂದ ಮೇಲನ್ನು ಒಳಗೆ ಬಿಡುವಂತಿಲ್ಲ, ಮೇಲ್ ಕ್ಯೂನಲ್ಲೇ ಕೂರುತ್ತದೆ. ಲಾಗಿನ್ ಆಗುತ್ತೆ, ಹೊಸ ಮೇಲ್ ಬರಲ್ಲ. ಪರ್ಚೇಸ್‌ನವರ ದೂರು ಇದೇ. ಅದರ ಹಿಂದೆಯೇ ಮರಿಯಾಡಿಬಿಯೂ ಸತ್ತ ದಿನ ಅಕೌಂಟ್ಸ್ ಮೇಡಂ ದೂರು.

ಹೊತ್ತು ನೋಡಿದೆ. ಎಲ್ಲವೂ ಮಧ್ಯಾಹ್ನ ಎರಡರಿಂದ ಮೂರರ ಒಳಗೆ. ಸ್ಟೋರ್ಸ್ ಹುಡುಗ ಹೇಳಿದ್ದು ನಿಜ. ಊಟ ಮುಗಿಸಿ ಬಂದವರ ಗದ್ದಲವೇ ಕಾರಣವಾ ಅಂತ ನಾನೂ ಒಂದು ಕ್ಷಣ ನಂಬಿದೆ. ಆದರೆ ಪಟ್ಟಿಯಲ್ಲಿ ಒಂದು ಭಾನುವಾರ ಇತ್ತು. ಅವತ್ತು ಫ್ಯಾಕ್ಟರಿಗೆ ರಜೆ, ಗೇಟಿನಲ್ಲಿ ಸೆಕ್ಯೂರಿಟಿ ಬಿಟ್ಟರೆ ನರಪಿಳ್ಳೆ ಇಲ್ಲ, ಆದರೂ ಎರಡೂವರೆ ಹೊತ್ತಿಗೆ ಕ್ಲ್ಯಾಮ್‌ಡಿ ಸತ್ತಿದೆ. ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆಮೇಲೆ ಒಂದು ಚಿಕ್ಕ ಬಲೆ ಹಾಕಿದೆ. ಪಿಎಸ್ ಕಮಾಂಡಿನಿಂದ ಅತಿ ಜಾಸ್ತಿ ಮೆಮೊರಿ ತಿನ್ನುವ ಹತ್ತು ಪ್ರೋಗ್ರಾಂಗಳ ಪಟ್ಟಿ ತೆಗೆದು, ಹೊತ್ತಿನ ಜೊತೆ ಒಂದು ಫೈಲಿಗೆ ಸೇರಿಸುವ ಒಂದೇ ಸಾಲು. ಕ್ರಾನ್‌ಗೆ (ಹೊತ್ತು ಹೊತ್ತಿಗೆ ಕೆಲಸ ಮಾಡಿಸುವ ಪ್ರೋಗ್ರಾಂ) ಹೇಳಿ ನಿಮಿಷಕ್ಕೊಮ್ಮೆ ಓಡಿಸಿದೆ. ದೊಡ್ಡ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಬಹುದಿತ್ತು. ಮೆಮೊರಿ ಸಾಲದೆ ಸಾಯುತ್ತಿರುವ ಯಂತ್ರಕ್ಕೆ ಇನ್ನೊಂದು ತಿನ್ನುವ ಬಾಯಿ ಯಾಕೆ ಅಂತ ಬಿಟ್ಟೆ.

ಬಲೆಗೆ ಬಿದ್ದ ದಿನದ ಫೈಲು ಹೀಗಿತ್ತು. ಬೆಳಗ್ಗೆಯಿಂದ ಕ್ಲ್ಯಾಮ್‌ಡಿ 1.2 ಜಿಬಿ ಆಸುಪಾಸಿನಲ್ಲಿ ಅಲ್ಲಾಡದೆ ಕೂತಿದೆ. ಮರಿಯಾಡಿಬಿಯೂ ಅಷ್ಟೇ ಗಾತ್ರ. 2 ಗಂಟೆ ದಾಟಿ ಕೆಲವು ನಿಮಿಷಕ್ಕೆ ಕ್ಲ್ಯಾಮ್‌ಡಿ 1.8. ಮುಂದಿನ ನಿಮಿಷದ ಸಾಲಿನಲ್ಲಿ ಕ್ಲ್ಯಾಮ್‌ಡಿಯೇ ಇಲ್ಲ. ಅದರ ಜಾಗದಲ್ಲಿ ಎರಡು ಹೊಸ ಹೆಸರು, ಎರಡೂ ಕ್ಲ್ಯಾಮ್‌ಸ್ಕ್ಯಾನ್, ನೋಡನೋಡುತ್ತಿದ್ದಂತೆ ಉಬ್ಬುತ್ತಿವೆ.

ಪಕ್ಕದ ಕಿಟಕಿಯಲ್ಲಿ ಫ್ರೆಶ್‌ಕ್ಲ್ಯಾಮ್ ಲಾಗ್ ತೆರೆದೆ. ಹೊಸ ವೈರಸ್ ಪಟ್ಟಿ ಇಳಿಸಿಕೊಳ್ಳುವ ಪ್ರೋಗ್ರಾಂ ಅದು. ಸತ್ತ ಪ್ರತಿ ದಿನವೂ, ಸಾಯುವ ಒಂದೆರಡು ನಿಮಿಷ ಮೊದಲು, ಹೊಸ ಡೈಲಿ ಪಟ್ಟಿ ಬಂತು, ಕ್ಲ್ಯಾಮ್‌ಡಿಗೆ ತಿಳಿಸಿದ್ದೇನೆ ಅನ್ನುವ ಸಾಲು. ಕ್ಲ್ಯಾಮ್‌ಎವಿಯವರು ಈ ಪಟ್ಟಿಯನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ ಬಿಡುತ್ತಾರೆ. ಅದು ನಮ್ಮ ಸರ್ವರ್‌ಗೆ ಬಂದು ಮುಟ್ಟುತ್ತಿದ್ದದ್ದು ನಮ್ಮ ಮಧ್ಯಾಹ್ನಕ್ಕೆ. ಭಾನುವಾರವೂ ಬರುತ್ತದೆ.

ಇಷ್ಟು ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಕ್ಲ್ಯಾಮ್‌ಎವಿಯ ಪಟ್ಟಿಯಲ್ಲಿ ಆಗ 80 ಲಕ್ಷಕ್ಕೂ ಜಾಸ್ತಿ ಗುರುತುಗಳಿದ್ದವು, ಅಷ್ಟನ್ನೂ ಕ್ಲ್ಯಾಮ್‌ಡಿ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತಿತ್ತು. ಅದಕ್ಕೇ ಒಂದು ಜಿಬಿ ಮೇಲೆ ತಿನ್ನುತ್ತಿದ್ದದ್ದು. ಮೊದಲು ಹೊಸ ಪಟ್ಟಿ ಬಂದಾಗ ಹಳೆಯದನ್ನು ಬಿಟ್ಟು ಹೊಸದನ್ನು ಓದಿಕೊಳ್ಳುತ್ತಿತ್ತು, ಅಷ್ಟು ಹೊತ್ತು ಸ್ಕ್ಯಾನ್ ನಿಲ್ಲುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಬಂದ 0.103 ಆವೃತ್ತಿಯಿಂದ ಈ ಕ್ರಮ ಬದಲಾಯಿತು. ಸ್ಕ್ಯಾನ್ ನಿಲ್ಲಬಾರದು ಅಂತ, ಹಳೆ ಪಟ್ಟಿ ಇಟ್ಟುಕೊಂಡೇ ಹೊಸದನ್ನು ಪಕ್ಕದಲ್ಲಿ ಓದಿಕೊಂಡು, ಪೂರ್ತಿಯಾದ ಮೇಲೆ ಹಳೆಯದನ್ನು ಬಿಡುತ್ತದೆ. ಹಳೇ ಬಾಡಿಗೆಯವರು ಖಾಲಿ ಮಾಡುವ ಮೊದಲೇ ಹೊಸಬರು ಲಾರಿಯಿಂದ ಸಾಮಾನು ಇಳಿಸಿದ ಹಾಗೆ. ದೊಡ್ಡ ಮನೆಯಾದರೆ ಪರವಾಗಿಲ್ಲ. 4 ಜಿಬಿ ಯಂತ್ರದಲ್ಲಿ ಆ ಒಂದು ನಿಮಿಷ ಮೆಮೊರಿ ದುಪ್ಪಟ್ಟು ಬೇಕಾಗುತ್ತದೆ, ಇರುವುದಿಲ್ಲ. ಮೆಮೊರಿ ಸಾಲದಾಗ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸುವ ಸ್ವಾಪ್ ಕೂಡ ಇರಲಿಲ್ಲ. ಎಸ್‌ಎಸ್‌ಡಿ ಹಾಕಿದಾಗ ಸವೆಯುತ್ತೆ ಅಂತ ಯಾರೋ ತೆಗೆದಿದ್ದರು.

ಮಜಾ ಇರುವುದು ಆಮೇಲೆ. ಕ್ಲ್ಯಾಮ್‌ಡಿ ಸತ್ತರೆ ಏನು ಮಾಡಬೇಕು ಅಂತ ಅಮಾವಿಸ್‌ಗೆ ಒಂದು ಬದಲಿ ವ್ಯವಸ್ಥೆ ಮೊದಲೇ ಬರೆದಿರುತ್ತದೆ: ಕ್ಲ್ಯಾಮ್‌ಸ್ಕ್ಯಾನ್ ಕರೆ. ಕ್ಲ್ಯಾಮ್‌ಸ್ಕ್ಯಾನ್ ಅಂದರೆ ಒಂದು ಸಲ ಓಡಿ ಮುಗಿಯುವ ಪ್ರೋಗ್ರಾಂ. ಒಂದೇ ಒಂದು ಮೇಲ್ ನೋಡಬೇಕಾದರೂ ಆ ಪಟ್ಟಿಯನ್ನು ಪೂರ್ತಿ ಮೊದಲಿನಿಂದ ಓದಿಕೊಳ್ಳಬೇಕು. ಅಮಾವಿಸ್ ಒಟ್ಟಿಗೆ ಎರಡು ಮೇಲ್ ನೋಡುವಂತೆ ಸೆಟ್ ಆಗಿತ್ತು, ಅಂದರೆ ಎರಡು ಕ್ಲ್ಯಾಮ್‌ಸ್ಕ್ಯಾನ್, ಒಂದೊಂದಕ್ಕೂ ಒಂದು ಜಿಬಿ ಮೇಲೆ. ಅವೆರಡೂ ಅರ್ಧ ಬೆಳೆದಿರುವಾಗ ಮೆಮೊರಿ ಮತ್ತೆ ಮುಗಿಯುತ್ತದೆ. ಆ ಕ್ಷಣಕ್ಕೆ ಎಲ್ಲರಿಗಿಂತ ದಪ್ಪಗೆ ಕೂತಿರುವವರು ಯಾರು? ಪಾಪದ ಮರಿಯಾಡಿಬಿ. ಏನೂ ಮಾಡದೆ ತನ್ನ ಪಾಡಿಗೆ ತಾನು ಇದ್ದದ್ದು. ಆಪತ್ತಿಗೆ ಅಂತ ಇಟ್ಟ ಏರ್ಪಾಡೇ ಯಂತ್ರವನ್ನು ಪೂರ್ತಿ ಮಲಗಿಸುತ್ತಿತ್ತು.

ಮರಿಯಾಡಿಬಿಗೆ ಅಷ್ಟು ದಪ್ಪ ಬಂದದ್ದು ಎಲ್ಲಿಂದ? ಮೇಲ್ ಐಡಿ ಪಟ್ಟಿಗೆ ಒಂದು ಜಿಬಿ ಯಾವ ಲೆಕ್ಕದಲ್ಲೂ ಬೇಡ. ವಿಚಾರಿಸಿದರೆ ಇತ್ತೀಚೆಗೆ ಗೇಟ್ ಪಾಸ್ ಸಾಫ್ಟ್‌ವೇರ್ ಹಾಕಿಸಿದ್ದಾರೆ. ಅದರ ಡೇಟಾಬೇಸ್ ಎಲ್ಲಿಡೋದು ಅಂತ ಕೇಳಿದಾಗ, ಅಲ್ಲೊಂದು ಸರ್ವರ್ ಇದೆಯಲ್ಲ ಅಂತ ಇದನ್ನೇ ತೋರಿಸಿದ್ದಾರೆ. ಹಾಕಿದವರು ಬಫರ್ ಪೂಲ್, ಅಂದರೆ ಡೇಟಾಬೇಸ್ ತನ್ನ ಬಳಕೆಗೆ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ, 1 ಜಿಬಿಗೆ ಏರಿಸಿ ಹೋಗಿದ್ದಾರೆ. ಅದು ಶುರುವಿಗೆ ಖಾಲಿಯಿರುತ್ತದೆ, ದಿನ ಕಳೆದಂತೆ ತುಂಬುತ್ತದೆ. ಎರಡು ದಿನಕ್ಕೊಮ್ಮೆ ಅನ್ನುವ ಲೆಕ್ಕ ಇದರಿಂದ ಬಂದದ್ದು. ರೀಸ್ಟಾರ್ಟ್ ಆದ ಮರುದಿನ ಮಧ್ಯಾಹ್ನ ಹೇಗೋ ದಾಟುತ್ತದೆ, ಬಫರ್ ತುಂಬಿದ ಮೇಲಿನ ಮಧ್ಯಾಹ್ನ ದಾಟುವುದಿಲ್ಲ. ಕ್ಲ್ಯಾಮ್‌ಎವಿಯ ಹೊಸ ಆವೃತ್ತಿ ಬಂದದ್ದೂ ಅದೇ ಸುಮಾರಿಗೆ. ತುಂಬ ಹಳೆಯ ಆವೃತ್ತಿಗಳಿಗೆ ಪಟ್ಟಿ ಕೊಡುವುದನ್ನೇ ಅವರು ನಿಲ್ಲಿಸುತ್ತಾರೆ, ಹಾಗಾಗಿ ಏರಿಸಲೇಬೇಕಿತ್ತು. ಯಾರ ಕೆಲಸವೂ ತಪ್ಪಲ್ಲ, ಎಲ್ಲ ಸೇರಿ 4 ಜಿಬಿ ದಾಟಿತು ಅಷ್ಟೇ.

ರಿಪೇರಿ ಮಾಡಲು ಹುಡುಕಿದಷ್ಟು ಹೊತ್ತೂ ಬೇಕಾಗಲಿಲ್ಲ. ಕ್ಲ್ಯಾಮ್‌ಡಿ ಕಾನ್ಫಿಗ್‌ನಲ್ಲಿ ಕಾನ್‌ಕರೆಂಟ್ ಡೇಟಾಬೇಸ್ ರೀಲೋಡ್ ಅನ್ನುವ ಸಾಲಿಗೆ ನೋ ಅಂತ ಬರೆದೆ, ಮೊದಲಿನ ಹಾಗೆ ಹಳೆ ಪಟ್ಟಿ ಬಿಟ್ಟೇ ಹೊಸದನ್ನು ಓದಲಿ ಅಂತ. ಅಮಾವಿಸ್‌ನ ಬದಲಿ ಪಟ್ಟಿಯಿಂದ ಕ್ಲ್ಯಾಮ್‌ಸ್ಕ್ಯಾನ್ ತೆಗೆದೆ. ಗೇಟ್ ಪಾಸಿಗೆ 256 ಎಂಬಿ ಬಫರ್ ಧಾರಾಳ ಸಾಕು, ಇಳಿಸಿದೆ. 2 ಜಿಬಿ ಸ್ವಾಪ್ ಫೈಲ್ ಮಾಡಿ, ರೂಟ್ ಬಿಟ್ಟು ಬೇರೆ ಯಾರೂ ಓದದಂತೆ ಅನುಮತಿ ಬಿಗಿ ಮಾಡಿ, ಬೂಟ್ ಆದಾಗ ತಾನಾಗಿ ಬರುವಂತೆ ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿದೆ. ಕೊನೆಗೆ ಮರಿಯಾಡಿಬಿಯ ಓಓಎಂ ಸ್ಕೋರ್ ಕೆಳಗಿಳಿಸಿದೆ, ಕೊಲ್ಲಲೇಬೇಕಾದರೆ ಇವನನ್ನು ಬಿಟ್ಟು ಬೇರೆಯವರನ್ನು ನೋಡು ಅಂತ. ಮೈನಸ್ 1000 ಕೊಟ್ಟರೆ ಅದನ್ನು ಮುಟ್ಟುವುದೇ ಇಲ್ಲ. ಅಷ್ಟು ದೂರ ಹೋಗಲಿಲ್ಲ. ನಾಳೆ ಅದೇ ಹುಚ್ಚೆದ್ದು ಬೆಳೆದರೆ?

ಕ್ಲ್ಯಾಮ್‌ಸ್ಕ್ಯಾನ್ ತೆಗೆದರೆ ಕ್ಲ್ಯಾಮ್‌ಡಿ ಇಲ್ಲದಾಗ ಮೇಲ್ ಕಳೆದುಹೋಗಲ್ವಾ ಅಂತ ಓನರ್ ಕೇಳಿದರು. ಒಳ್ಳೆ ಪ್ರಶ್ನೆ. ಹೋಗುವುದಿಲ್ಲ. ಮೇಲ್ ಸರ್ವರ್‌ಗಳ ಭಾಷೆಯಲ್ಲಿ 4ರಿಂದ ಶುರುವಾಗುವ ಉತ್ತರ ಅಂದರೆ ಈಗ ಆಗಲ್ಲ, ಆಮೇಲೆ ಬಾ ಅಂತ. 5ರಿಂದ ಶುರುವಾದರೆ ಆಗೋದೇ ಇಲ್ಲ, ಹೋಗು ಅಂತ. ಸ್ಕ್ಯಾನರ್ ಇಲ್ಲದಾಗ ಅಮಾವಿಸ್ ಕೊಡುವುದು 451. ಪೋಸ್ಟ್‌ಫಿಕ್ಸ್ ಮೇಲನ್ನು ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ಕೊಟ್ಟು ನೋಡುತ್ತದೆ, ಡೀಫಾಲ್ಟ್ ಆಗಿ 5 ದಿನ. ಡೇಟಾಬೇಸ್ ಇಲ್ಲದಾಗ ಹೊರಗಿನ ಸರ್ವರ್‌ಗಳಿಗೆ ಹೋಗುತ್ತಿದ್ದ ಉತ್ತರವೂ 451, ಟೆಂಪರರಿ ಲುಕಪ್ ಫೇಲ್ಯೂರ್. ಇಷ್ಟು ದಿನ ಇಷ್ಟು ಸಲ ಬಿದ್ದರೂ ಯಾವ ಕಸ್ಟಮರ್ ಮೇಲೂ ವಾಪಸ್ ಹೋಗದೆ ಇದ್ದದ್ದು ಇದರಿಂದ. ತಡವಾಗಿ ಬಂದವು, ಬಂದವು. "ಹನ್ನೊಂದನೇ ತಾರೀಕು ಜಿಎಸ್‌ಟಿಆರ್ ಒನ್ ಹಾಕೋ ದಿನ ತಡ ಆದ್ರೆ ಬಂದ್ರೇನು ಬಿಟ್ರೇನು" ಅಂತ ಅಕೌಂಟ್ಸ್ ಮೇಡಂ ಅಲ್ಲಿಂದಲೇ ಕೂಗಿದರು. ಅದೂ ನಿಜವೇ.

ಎಲ್ಲ ಹಾಕಿದ ಮೇಲೆ ಕ್ಯೂನಲ್ಲಿ ನೂರಾರು ಮೇಲ್ ಕಾಯುತ್ತಿದ್ದವು. ಎಲ್ಲವನ್ನೂ ಒಟ್ಟಿಗೆ ತಳ್ಳುವ ಕಮಾಂಡ್ ಇದೆ, ಕೈ ಅದರ ಕಡೆಗೇ ಹೋಗುತ್ತದೆ, ಪಕ್ಕದಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದಾಗಂತೂ. ಒತ್ತಲಿಲ್ಲ. ಪೋಸ್ಟ್‌ಫಿಕ್ಸ್ ತನ್ನ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಸಂಜೆಯ ಟೀ ಬರುವಷ್ಟರಲ್ಲಿ ಕ್ಯೂ ಖಾಲಿ.

ಮರುದಿನ ಮಧ್ಯಾಹ್ನ ಎರಡಕ್ಕೆ ಅಲ್ಲೇ ಕೂತೆ. ಫ್ರೆಶ್‌ಕ್ಲ್ಯಾಮ್ ಹೊಸ ಪಟ್ಟಿ ತಂದಿತು. ಕ್ಲ್ಯಾಮ್‌ಡಿ ಲಾಗ್‌ನಲ್ಲಿ ಪಟ್ಟಿ ಓದುತ್ತಿದ್ದೇನೆ ಅನ್ನುವ ಸಾಲು ಬಂತು. ಆಮೇಲೆ ಮುಕ್ಕಾಲು ನಿಮಿಷ ಏನೂ ಇಲ್ಲ. ಕ್ಯೂನಲ್ಲಿ ಮೂರು ಮೇಲ್ ನಿಂತವು. ಆಮೇಲೆ ರೀಲೋಡ್ ಆಯಿತು ಅಂತ ಒಂದು ಸಾಲು, ಮೂರೂ ಮೇಲ್ ಒಳಗೆ ಹೋದವು. ಕ್ಲ್ಯಾಮ್‌ಡಿ ಮತ್ತೆ 1.2 ಜಿಬಿಯಲ್ಲೇ ಕೂತಿತ್ತು. ಸ್ಟೋರ್ಸ್ ಹುಡುಗ ಬಂದು ಇಣುಕಿ, "ಇವತ್ತು ಹೋಗಲ್ವಾ ಸಾರ್?" ಅಂತ ಕೇಳಿದ.

ಹೊಸ ಸರ್ವರ್ ಕೊಟೇಶನ್ ಓನರ್ ಡ್ರಾಯರಿಗೆ ಹೋಯಿತು. ರ‍್ಯಾಮ್ ಮಾತ್ರ ಹಾಕಿಸೋಣ ಅಂದೆ. ಕ್ಲ್ಯಾಮ್‌ಎವಿಯ ಪಟ್ಟಿ ಇನ್ನೂ ಬೆಳೆಯಬಹುದು, ಇವತ್ತಿನ ಲೆಕ್ಕ ನಾಳೆಗೆ ಸಾಲದೆ ಹೋಗಬಹುದು. ಆ ಬೋರ್ಡಿಗೆ ಡಿಡಿಆರ್3 ಅನ್ನುವ ಹಳೇ ಮಾದರಿಯ ರ‍್ಯಾಮ್ ಬೇಕು, ಈಗ ಹೊಸದು ಸಿಗುವುದೇ ಕಷ್ಟ. ಎಸ್.ಪಿ. ರೋಡಿಗೆ ಹೋಗಿ ಎರಡು ಸ್ಟಿಕ್ ತಂದು, ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ ಆಮೇಲೆ ಬಿಟ್ಟೆವು. ಹಳೇ ಮಾಲಿನ ಮೇಲೆ ನನಗೆ ನಂಬಿಕೆ ಕಡಿಮೆ.

ಗೇಟ್ ಪಾಸ್ ಡೇಟಾಬೇಸನ್ನು ಮೇಲ್ ಸರ್ವರ್‌ನಿಂದ ಎತ್ತುವ ಕೆಲಸ ಇನ್ನೂ ಬಾಕಿ ಇದೆ. ಸೆಕ್ಯೂರಿಟಿ ಕ್ಯಾಬಿನ್ ಪಿಸಿಯಲ್ಲೇ ಹಾಕಿಬಿಡಿ ಅಂತ ಅವರು ಹೇಳುತ್ತಿದ್ದಾರೆ. ಆ ಪಿಸಿಯ ಪ್ಲಗ್ಗಿಗೇ ರಾತ್ರಿ ಫ್ಯಾನ್ ಸಿಗಿಸುತ್ತಾರೆ, ಆಗಲ್ಲ ಅಂತ ನಾನು.